ಅಲುಗಾಡದ ದುರ್ಬೀನು

ಮಂಗಳವಾರ ಬೆಳಿಗ್ಗೆ ಮೇಷ್ಟ್ರು ಫೋನ್ ಮಾಡಿದ ಮೇಲೆ ನನಗೆ ಊಟ ಸೇರಲಿಲ್ಲ. ಚಿಂತೆ ನನಗೇನೂ ಹೊಸದಲ್ಲ. ಮಗು ಸೀನಿದರೆ ನೆಗಡಿಯೇನೋ ಎಂಬ ಚಿಂತೆ, ಸೀನದಿದ್ದರೆ ಮೂಗು ಕಟ್ಟಿದೆಯೇನೋ ಎಂಬ ಚಿಂತೆ. ಆದರೆ ಅಂಥವನ್ನೆಲ್ಲ ನಾನೊಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡು ಕೊರಗಬಹುದು. ಇದನ್ನು ಹಾಗೆ ಮಾಡುವಂತಿರಲಿಲ್ಲ. ಇದನ್ನು ಇನ್ನೊಬ್ಬರಿಗೆ ಹೇಳಬೇಕಿತ್ತು, ಆ ಇನ್ನೊಬ್ಬರು ನನ್ನ ಅತ್ತೆ.

ಮೇಷ್ಟ್ರೆಂದರೆ ನಿವೃತ್ತ ಭೂಗೋಳದ ಮೇಷ್ಟ್ರು. ಪ್ರತಿ ತಿಂಗಳ ಮೊದಲ ಭಾನುವಾರ ನಮ್ಮ ಬಡಾವಣೆಯ ಕೆರೆಯಲ್ಲಿ ಹಕ್ಕಿ ಎಣಿಸುವ ಗುಂಪೊಂದಿದೆ, ಅದಕ್ಕೆ ಅವರು ಯಜಮಾನರು. ಕೆರೆಯ ದಂಡೆಯನ್ನು ತುಂಡು ತುಂಡಾಗಿ ಹಂಚಿಕೊಂಡಿದ್ದಾರೆ. ಒಂದೊಂದು ತುಂಡನ್ನು ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಎಣಿಸಬೇಕು. ಎರಡು ಲೆಕ್ಕ ಹತ್ತಿರ ಹತ್ತಿರ ಬಂದರೆ ಮಾತ್ರ ಆ ಹಾಳೆ ಪಕ್ಷಿಶಾಸ್ತ್ರದವರಿಗೆ ಹೋಗುತ್ತದೆ. ಪಶ್ಚಿಮದ ತುಂಡು ಅತ್ತೆಗೂ ಮೇಷ್ಟ್ರಿಗೂ ಸೇರಿದ್ದು.

“ನೋಡಮ್ಮಾ, ಲ್ಯಾಬ್ ಮೇಡಂ ಮೇಲೆ ನನಗೆ ಬಹಳ ಗೌರವ,” ಎಂದು ಮೇಷ್ಟ್ರು ಶುರುಮಾಡಿದರು. ಅತ್ತೆಯನ್ನು ಗುಂಪಿನವರು ಕರೆಯುವುದೇ ಹಾಗೆ. “ಆದ್ರೆ ಹೋದ ತಿಂಗಳು ನೀರುಕಾಗೆ ನಾನು ಬರೆದಿದ್ದು ಇಪ್ಪತ್ತೊಂದು, ಅವರು ಬರೆದಿದ್ದು ಅರವತ್ತಮೂರು. ಆರೇಳು ತಿಂಗಳಿಂದಲೂ ಹೀಗೇ. ಪಾಪ, ಕೈ ನಡುಗುತ್ತೆ, ದುರ್ಬೀನು ನಿಲ್ಲಲ್ಲ. ಈ ಭಾನುವಾರದಿಂದ ಎಣಿಸೋದು ಬೇಡ, ಟೀ ಮೇಜು ನೋಡ್ಕೊಳ್ಲಿ. ಆರಾಮಾಗಿ ಕೂತ್ಕೊಂಡು ಎಲ್ಲರಿಗೂ ಕಪ್ ಕೊಡೋದು, ಹಾಳೆಗೆ ಪಿನ್ ಹೊಡೆಯೋದು.”

ಕೈ ನಡುಗುವವರಿಗೆ ಬಿಸಿ ಟೀ ಹಂಚುವ ಕೆಲಸ ಕೊಡುವ ಬುದ್ಧಿ ಯಾವ ಭೂಗೋಳದ ಪಾಠದಲ್ಲಿತ್ತೋ ನನಗೆ ತಿಳಿಯದು.

“ಅದನ್ನ ನೀವೇ ಹೇಳಬಹುದಲ್ವಾ ಮೇಷ್ಟ್ರೇ?”

“ನಾನಾ?” ಅವರ ದನಿ ತಗ್ಗಿತು. “ಮೂವತ್ತೈದು ವರ್ಷ ಮಕ್ಕಳನ್ನ ಹೆದರಿಸಿದವನು ನಾನು. ನಿಮ್ಮತ್ತೆ ಮುಂದೆ ನಿಂತ್ರೆ ಮಾತ್ರ ಹೋಂವರ್ಕ್ ಮಾಡಿಲ್ಲ ಅನ್ನೋ ಹಾಗೆ ಆಗುತ್ತೆ. ನೀನೇ ನಯವಾಗಿ ಹೇಳಿ, ಶನಿವಾರದೊಳಗೆ ನನಗೊಂದು ಫೋನ್ ಮಾಡಮ್ಮ.”

ಅವರು ಹೆದರಿದ್ದರಲ್ಲಿ ತಪ್ಪಿಲ್ಲ. ಅತ್ತೆ ಮೂವತ್ತೊಂದು ವರ್ಷ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಕಣ ಎಣಿಸಿದವರು. ಬಲಗಣ್ಣು ಸೂಕ್ಷ್ಮದರ್ಶಕದಲ್ಲಿ, ಎಡಗೈ ಟಕ್ ಟಕ್ ಎನ್ನುವ ಎಣಿಕೆಯ ಯಂತ್ರದ ಮೇಲೆ. ಗಾಜಿನ ಮೇಲೆ ಚೌಕ ಗೆರೆಗಳಿರುತ್ತವಂತೆ; ಮೇಲಿನ ಗೆರೆ, ಎಡಗಡೆ ಗೆರೆ ಮುಟ್ಟಿದ ಕಣವನ್ನು ಸೇರಿಸಬೇಕು, ಕೆಳಗಿನ ಗೆರೆ, ಬಲಗಡೆ ಗೆರೆ ಮುಟ್ಟಿದ್ದನ್ನು ಬಿಡಬೇಕು. ನಿವೃತ್ತರಾದರೂ ಆ ಕಟ್ಟುನಿಟ್ಟು ನಿವೃತ್ತವಾಗಿಲ್ಲ. ನಮ್ಮ ಮನೆಯ ಫ್ರಿಜ್ಜಿನಲ್ಲಿ ಹೆಸರು, ತಾರೀಕು, ವೇಳೆ ಬರೆದ ಚೀಟಿಯಿಲ್ಲದ ಡಬ್ಬಿ ಇಲ್ಲ. ಮಗುವಿನ ಹಾಲಿನ ಬಾಟಲಿಗೂ ಚೀಟಿ. ಒಮ್ಮೆ ನಾನು ಡೈಪರ್ ಹಿಡಿದುಕೊಂಡು ಓಡಿಬಂದು, “ಅತ್ತೆ, ಹಸಿರು ಬಣ್ಣ,” ಎಂದು ಅಳುವಂತಾಗಿದ್ದಾಗ ಅವರು ಕೇಳಿದ್ದು ಒಂದೇ ಮಾತು: “ಎಷ್ಟು ಗಂಟೇದು?”

ಕೈ ನಡುಕ ಬಂದು ಮೂರು ವರ್ಷವಾಯಿತು. ನರದ ಡಾಕ್ಟರು ಎಲ್ಲ ನೋಡಿ, ಬೇರೆ ಯಾವ ರೋಗವೂ ಅಲ್ಲ, ಮನೆತನದಿಂದ ಬಂದ ಬರೀ ನಡುಕ, ಹೆದರಬೇಡಿ ಎಂದಿದ್ದಾರೆ. ಅತ್ತೆ ಹೆದರಲಿಲ್ಲ; ಅವರ ಪಾಲಿನದನ್ನೂ ನಾನೇ ಹೆದರಿದೆ. “ನನ್ನ ಕೈಗೆ ಈಗ ಸ್ವಂತ ಅಭಿಪ್ರಾಯ ಬಂದಿದೆ,” ಎನ್ನುತ್ತಾರೆ ಅವರು. ಅವರು ಕಾಫಿ ತರುವುದು ಕಾಣುವುದಕ್ಕೆ ಮೊದಲೇ ಕಪ್ಪೂ ಸಾಸರೂ ಮಾತಾಡಿಕೊಂಡು ಬರುವುದು ಕೇಳಿಸುತ್ತದೆ. ಮಗುವನ್ನು ನಿಂತು ಎತ್ತಿಕೊಳ್ಳುವುದಿಲ್ಲ. ನೆಲದ ಮೇಲೆ ಚಾಪೆ ಹಾಕಿ, ತೊಡೆಗೆ ದಿಂಬಿಟ್ಟುಕೊಂಡು, “ಈಗ ಕೊಡು,” ಎನ್ನುತ್ತಾರೆ. ನಾನು ಗಂಟೆಗಟ್ಟಲೆ ತೂಗಿದರೂ ಕಣ್ಣು ಮುಚ್ಚದ ಮಗು ಅತ್ತೆಯ ಕೈ ನಡುಗುವ ಲಯಕ್ಕೆ ಎರಡೇ ನಿಮಿಷದಲ್ಲಿ ಗೊರಕೆ ಹೊಡೆಯುತ್ತದೆ.

ಇಷ್ಟು ವರ್ಷ ಅವರು ಬರೆದುಕೊಟ್ಟ ಅಂಕಿ ನೋಡಿ ಡಾಕ್ಟರುಗಳು ಔಷಧಿ ಬರೆದಿದ್ದಾರೆ. ಈಗ ಅವರ ಅಂಕಿ ಬೇಕೆಂದು ಯಾರಾದರೂ ಕಾಯುವುದು ತಿಂಗಳಿಗೊಂದು ಭಾನುವಾರ ಮಾತ್ರ. ಅದಕ್ಕಾಗಿ ಶನಿವಾರವೇ ಸೀರೆ ಇಸ್ತ್ರಿಯಾಗುತ್ತದೆ, ಪೆನ್ಸಿಲು ಮೂರು ಚೂಪಾಗುತ್ತವೆ. ಅಂಥವರಿಗೆ ನಾನು ಟೀ ಮೇಜಿನ ಸುದ್ದಿ ಹೇಳಬೇಕಿತ್ತು.

ಬುಧವಾರ ಗಂಡನ ಮುಂದೆ ಇದನ್ನೆಲ್ಲ ತೋಡಿಕೊಂಡೆ. ಅವರು ಲಿಫ್ಟ್ ರಿಪೇರಿ ಮಾಡುವವರು. ಯಾವ ಗೋಳನ್ನು ಹೇಳಿಕೊಂಡರೂ ಎಷ್ಟನೇ ಮಹಡಿಯಲ್ಲಿ ಸಿಕ್ಕಿಕೊಂಡಿದೆ ಎಂಬಂತೆ ಕೇಳಿಸಿಕೊಳ್ಳುತ್ತಾರೆ.

“ನೀನೇ ಹೇಳಿಬಿಡು,” ಎಂದರು.

“ನಿಮ್ಮಮ್ಮ ಅಲ್ವಾ?”

“ನಿನ್ನತ್ತೆ ಅಲ್ವಾ?”

ಸ್ವಲ್ಪ ಹೊತ್ತು ಇಬ್ಬರೂ ಅತ್ತೆಯನ್ನು ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ದಾಟಿಸಿದೆವು. ಆಮೇಲೆ ನಮ್ಮವರೇ ಅಂದರು: “ಅಲುಗಾಡದ ದುರ್ಬೀನು ಅಂತ ಬರುತ್ತೆ ನೋಡು. ಕೈ ನಡುಗಿದ್ರೂ ಒಳಗೆ ಚಿತ್ರ ನಿಲ್ಲುತ್ತಂತೆ. ಅದನ್ನ ಕೊಡಿಸು. ಲೆಕ್ಕ ಸರಿಹೋದ್ರೆ ಹೇಳೋ ಮಾತೇ ಉಳಿಯಲ್ಲ.”

ಗುರುವಾರ ಮಗು ಮಲಗಿದಾಗಲೆಲ್ಲ ನಾನು ಫೋನಿನಲ್ಲಿ ಆ ದುರ್ಬೀನುಗಳ ಬಗ್ಗೆ ಓದಿದೆ. ಯಾರಿಗೋ ತಲೆ ಸುತ್ತಿತಂತೆ. ಯಾರದೋ ಬ್ಯಾಟರಿ ಹಕ್ಕಿ ಬಂದ ಹೊತ್ತಿಗೇ ಮುಗಿಯಿತಂತೆ. ಎಲ್ಲವನ್ನೂ ಪಟ್ಟಿ ಮಾಡಿ, ಪಟ್ಟಿ ನೋಡಿ ಇನ್ನಷ್ಟು ಹೆದರಿ, ಕೊನೆಗೆ ಅಡುಗೆಮನೆಗೆ ಹೋಗಿ, “ಅತ್ತೆ, ನಿಮ್ಮ ದುರ್ಬೀನು ಹಳೇದಾಯ್ತು, ಹೊಸದು ನೋಡೋಣ್ವಾ?” ಎಂದೆ.

“ದುರ್ಬೀನಿಗೆ ಏನಾಗಿದೆ, ಚೆನ್ನಾಗೇ ಇದೆ. ಅದನ್ನ ಹಿಡ್ಕೊಂಡಿರೋದು ಹಳೇದಾಗಿದೆ.”

ಅಲುಗಾಡದ ದುರ್ಬೀನಿನ ಸಂಗತಿ ಹೇಳಿದೆ. ಅತ್ತೆ ಕೈಯಲ್ಲಿದ್ದ ಚೀಟಿಯನ್ನು ಡಬ್ಬಿಗೆ ಅಂಟಿಸಿ, ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. “ಹೊಸ ಯಂತ್ರ ಅಂದ್ಮೇಲೆ ಪರೀಕ್ಷೆ ಮಾಡ್ದೆ ತಗೊಳಲ್ಲ,” ಎಂದರು.

ಶುಕ್ರವಾರ ನಾವು ಹೋದದ್ದು ಕ್ಯಾಮೆರಾ, ಕನ್ನಡಕ ಎರಡನ್ನೂ ಮಾರುವ ಉದ್ದನೆಯ ಇಕ್ಕಟ್ಟು ಅಂಗಡಿಗೆ. ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿಕೊಂಡು, ಇನ್ನೊಂದನ್ನು ಕೊರಳಿಗೆ ತೂಗುಹಾಕಿಕೊಂಡು ಕೂತಿದ್ದರು.

“ಏನು ನೋಡೋದಕ್ಕೆ ಬೇಕಮ್ಮಾ?”

“ಅರ್ಧ ಕಿಲೋಮೀಟರ್ ದೂರ, ನೀರಿನ ಮೇಲೆ, ಬಾತುಕೋಳಿಗಿಂತ ಚಿಕ್ಕದು, ಕಪ್ಪು,” ಎಂದರು ಅತ್ತೆ.

ನಾನು ನನ್ನ ಪಟ್ಟಿ ತೆಗೆದೆ. ಬ್ಯಾಟರಿ ಸಿಡಿಯುವುದುಂಟೇ? ಗಾಜಿನ ಮುಚ್ಚಳ ಎಷ್ಟು ಅಗಲ, ಎಂಟು ತಿಂಗಳ ಮಗುವಿನ ಬಾಯಿಗೆ ಹಿಡಿಸುತ್ತದೆಯೇ? ಒಳಗಿನ ಯಂತ್ರದಿಂದ ಕಣ್ಣಿಗೇನಾದರೂ?

“ಮೇಡಂ, ಇದು ದುರ್ಬೀನು,” ಎಂದರು ಅವರು ಬಹಳ ಮೆತ್ತಗೆ. “ಗ್ಯಾಸ್ ಸಿಲಿಂಡರ್ ಅಲ್ಲ.” ಆಮೇಲೆ ಅತ್ತೆಯ ಕಡೆ ತಿರುಗಿ ವಿವರಿಸಿದರು: “ನಿಮ್ಮ ಕೈ ಯಾವ ಕಡೆ ಅಲುಗಿತು ಅಂತ ಒಳಗೊಂದು ಪುಟ್ಟ ಯಂತ್ರ ನೋಡ್ತಾ ಇರುತ್ತೆ. ಕೈ ಈ ಕಡೆ ಹೋದ್ರೆ ಅದು ಒಳಗಿನ ಗಾಜನ್ನ ಆ ಕಡೆ ಸರಿಸುತ್ತೆ.”

“ಅಂದ್ರೆ ನಾನು ಒಂದು ಹೇಳಿದ್ರೆ ಅದು ಅದಕ್ಕೆ ಉಲ್ಟಾ ಹೇಳುತ್ತೆ.”

“ಹೂಂ, ಹಾಗೇ ಅಂದ್ಕೊಳ್ಳಿ.”

“ನಮ್ಮನೇಲಿ ಅಂಥವಳು ಆಗ್ಲೇ ಒಬ್ಬಳಿದ್ದಾಳೆ,” ಎಂದು ಅತ್ತೆ ಕುರ್ಚಿ ಎಳೆದುಕೊಂಡರು.

ಪರೀಕ್ಷೆ ಹೇಗೆ ನಡೆಯಬೇಕೆಂದು ಅವರೇ ತೀರ್ಮಾನಿಸಿದರು. ರಸ್ತೆಯ ಆ ತುದಿಯಲ್ಲೊಂದು ಸಲೂನಿತ್ತು, ಅದರ ಗೋಡೆಗೆ ದರಪಟ್ಟಿ ತೂಗುಹಾಕಿತ್ತು. ಒಂದೊಂದು ದುರ್ಬೀನಿನಲ್ಲೂ ಆ ಪಟ್ಟಿಯನ್ನು ಮೂರು ಸಲ ಓದುವುದು. ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುವುದು. ಅಂಗಡಿಯವರು ತುಟಿ ಬಿಚ್ಚದಿರುವುದು. ಮೊದಲು ಹೋಲಿಕೆಗೆಂದು ಮನೆಯಿಂದ ತಂದ ಹಳೆಯ ದುರ್ಬೀನು.

“ಬರ್ಕೋ. ಏನೋ ಕಪ್ಪಗೆ ಕುಣೀತಿದೆ.”

ಬರೆದುಕೊಂಡೆ. ಮೂರು ಸಲವೂ ಕುಣಿಯಿತು.

ಮೊದಲನೆಯ ಹೊಸ ದುರ್ಬೀನು ಅಂಗೈಯಲ್ಲಿ ಅಡಗುವಷ್ಟು ಪುಟ್ಟದು, ಹಗುರ. ನನಗೆ ಬಹಳ ಇಷ್ಟವಾಯಿತು, ಯಾಕೆಂದರೆ ಅದು ಮಗುವಿನ ಮೇಲೆ ಬಿದ್ದರೂ ಹೆಚ್ಚೇನೂ ಆಗುವಂತಿರಲಿಲ್ಲ. ಆದರೆ ಗುಂಡಿಯನ್ನು ಒತ್ತಿ ಹಿಡಿದುಕೊಂಡಿದ್ದರಷ್ಟೇ ಅದರ ಯಂತ್ರ ಕೆಲಸ ಮಾಡುತ್ತಿತ್ತು.

“ಕಟಿಂಗ್... ಕುಣೀತು. ಶೇವಿಂ... ಕುಣೀತು. ಮಕ್ಕಳ ಕಟಿಂ...” ಅತ್ತೆ ಅದನ್ನು ಕೆಳಗಿಟ್ಟರು. “ಬೆರಳು ಜಾರಿದ ತಕ್ಷಣ ಇದೂ ಕೆಲಸ ಬಿಡುತ್ತೆ. ಮೇಲ್ವಿಚಾರಕರು ನಿಂತಿದ್ರೆ ಮಾತ್ರ ದುಡಿಯೋ ಜಾತಿ ಇದು.”

ದುರ್ಬೀನುಗಳ ಮೇಲೆ ಎರಡೆರಡು ಅಂಕಿ ಬರೆದಿರುತ್ತದೆ. ಮೊದಲನೆಯದು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದೆಂದು ನಂಬಿದ್ದ ನಾನು ಅಲ್ಲಿದ್ದವುಗಳಲ್ಲೇ ದೊಡ್ಡದನ್ನು ತೋರಿಸಿ ಎಂದೆ. “ಹತ್ತಿರ ತಂದಷ್ಟೂ ನಡುಕಾನೂ ದೊಡ್ಡದಾಗುತ್ತೆ ಮೇಡಂ, ತೂಕಾನೂ ಜಾಸ್ತಿ,” ಎನ್ನುತ್ತಲೇ ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟರು. ಅತ್ತೆ ಅದರಲ್ಲಿ ದರಪಟ್ಟಿಯನ್ನಷ್ಟೇ ಅಲ್ಲ, ಸಲೂನಿನಲ್ಲಿ ಕಾದು ಕೂತವರ ಕೈಯಲ್ಲಿದ್ದ ಪತ್ರಿಕೆಯ ತಲೆಬರಹವನ್ನೂ ಓದಿದರು. ಒಂದು ನಿಮಿಷವಾಗುವಷ್ಟರಲ್ಲಿ ಮೊಣಕೈ ಕುಸಿದು, ದುರ್ಬೀನು ಚರಂಡಿಯ ಕಡೆ ನೋಡತೊಡಗಿತು.

“ಇದರ ಜೊತೆ ಎತ್ತಿ ಹಿಡಿಯೋಕೆ ಇನ್ನೊಬ್ಬ ಸೊಸೇನ ಕೊಡ್ತೀರಾ?”

“ಅದು ಬೇರೆ ಅಂಗಡಿ ಅಮ್ಮಾ,” ಎಂದರು ಅವರು.

ಮೂರನೆಯದು ನಡುವಿನದು. ಹನ್ನೆರಡು ಪಟ್ಟು ಹತ್ತಿರ, ತೂಕ ಮುಕ್ಕಾಲು ಕಿಲೋಗಿಂತ ಕಮ್ಮಿ. ಗುಂಡಿಯನ್ನು ಒಂದು ಸಲ ಒತ್ತಿ ಬಿಟ್ಟರೆ ಪುಟ್ಟ ಹಸಿರು ದೀಪ ಹತ್ತಿಕೊಂಡು ಯಂತ್ರ ತನ್ನಷ್ಟಕ್ಕೆ ನಡೆಯುತ್ತಿತ್ತು. ಅತ್ತೆ ಕನ್ನಡಕ ತೆಗೆಯದೆಯೇ ಅದನ್ನು ಕಣ್ಣಿಗೆ ಹಿಡಿದರು, ಗುಂಡಿ ಒತ್ತಿದರು. ನಾನು ಪೆನ್ನು ಹಿಡಿದು ಕಾದೆ. ಕೈಗಳೇನೋ ಎಂದಿನಂತೆ ನಡುಗುತ್ತಿದ್ದವು, ಬಳೆಗಳು ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು.

“ಅತ್ತೆ? ಏನು ಬರೀಲಿ?”

“ನಿಂತಿದೆ,” ಎಂದರು. “ನಿಂತಿದೆ ಕಣೇ.”

ಮೂರು ವರ್ಷದಲ್ಲಿ ದೂರದ ವಸ್ತುವೊಂದು ಅವರ ಕಣ್ಣ ಮುಂದೆ ಇಷ್ಟು ಹೊತ್ತು ನಿಂತದ್ದು ಅದೇ ಮೊದಲು. ಅಳುಬುರುಕಿಯಾದ ನಾನು ಹಾಳೆಯ ಕಡೆ ತಲೆ ಬಗ್ಗಿಸಿದೆ. ಅಷ್ಟರಲ್ಲಿ ಅತ್ತೆ ಎಂದಿನ ದನಿಯಲ್ಲಿ, “ಬಾಚಣಿಗೇಲಿ ಎರಡು ಹಲ್ಲಿಲ್ಲ. ಕುರ್ಚೀಲಿ ಕೂತವರ ಎಡಗಿವಿ ಹಿಂದೆ ಒಂದು ಜುಟ್ಟು ಬಿಟ್ಟುಹೋಗಿದೆ, ಯಾರಾದ್ರೂ ಹೋಗಿ ಹೇಳಿ,” ಎಂದರು.

ಬೆಲೆ ಕೇಳಿ ನನ್ನ ಎದೆ ಧಸಕ್ಕೆಂದಿತು. ಅತ್ತೆಯದು ಅನ್ನಲಿಲ್ಲ. ಇದು ಮಳೆಗೆ ನೆನೆಯಬಾರದು, ನೋಡುತ್ತಾ ಗಕ್ಕನೆ ತಿರುಗಬಾರದು, ತಿರುಗಿದರೆ ಚಿತ್ರ ಎಣ್ಣೆಯ ಮೇಲೆ ಜಾರಿದಂತಾಗುತ್ತದೆ ಎಂದು ಅಂಗಡಿಯವರು ಹೇಳಿದರು. ಅದನ್ನು ಕಣ್ಣಿಗಿಟ್ಟು ಗಕ್ಕನೆ ತಿರುಗಿ ನೋಡಿದ ನಾನು ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಿಲ್ಲಬೇಕಾಯಿತು. ಹೊರಡುವಾಗ ಬ್ಯಾಟರಿಯನ್ನು ಹನ್ನೆರಡು ಜೊತೆ ಕೊಂಡೆ. ಅಂಗಡಿಯವರು ಅತ್ತೆಯ ಕಡೆ ಒಮ್ಮೆ ನೋಡಿ, ಎಣಿಸಿ ಕೊಟ್ಟರು.

ಶನಿವಾರ ಬೆಳಿಗ್ಗೆ ಏಳಕ್ಕೆ, ಮರುದಿನದ ಎಣಿಕೆಗೆ ಮೊದಲು ಒಂದು ತಾಲೀಮೆಂದು, ಅತ್ತೆ, ನಾನು, ತಳ್ಳುಗಾಡಿಯಲ್ಲಿ ಮಗು, ಮೂವರೂ ಕೆರೆಯ ಪಶ್ಚಿಮಕ್ಕೆ ಹೋದೆವು. ಅತ್ತೆ ಮಡಚುವ ಸ್ಟೂಲಿನ ಮೇಲೆ ಕೂತು ಹಸಿರು ದೀಪ ಹತ್ತಿಸಿದರು. ಮೇಷ್ಟ್ರಿಗೆ ಮಾಡಬೇಕಾದ ಫೋನು ನನ್ನ ಚೀಲದಲ್ಲಿ ಇಟ್ಟಿಗೆಯಂತೆ ಕೂತಿತ್ತು. ಇವತ್ತು ಲೆಕ್ಕ ಸರಿಯಾಗಿ ಬಂದುಬಿಟ್ಟರೆ ಮೇಷ್ಟ್ರಿಗೂ ಒಳ್ಳೆ ಸುದ್ದಿ, ಅತ್ತೆಗೆ ಹೇಳುವುದೂ ತಪ್ಪುತ್ತದೆ ಎಂದು ನಾನು ಉಗುರು ಕಚ್ಚುತ್ತಾ ನಿಂತೆ.

ಹತ್ತು ನಿಮಿಷವಾಯಿತು. ಅತ್ತೆ ಎಡಗೈಯಲ್ಲಿದ್ದ ಎಣಿಕೆಯ ಯಂತ್ರವನ್ನು ಒಂದು ಸಲವೂ ಟಕ್ ಎನ್ನಿಸಲಿಲ್ಲ.

“ಇವು ಯಾಕೆ ಹೀಗಿವೆ?” ಎಂದರು ಕೊನೆಗೆ.

“ಯಾವು ಅತ್ತೆ?”

“ನೀರುಕಾಗೆ. ಒಂದೂ ಮುಳುಗ್ತಿಲ್ಲ, ಕತ್ತು ತಿರುಗಿಸ್ತಿಲ್ಲ. ರೋಗ ಗೀಗ ಬಂದಿದೆಯೋ ಏನೋ. ನೀನು ನೋಡು.”

ನಾನು ನೋಡಿದೆ. ದೂರದ ನೀರಿನ ಮೇಲೆ ಕಪ್ಪಗೆ ಸಾಲು ಸಾಲಾಗಿ ಕೂತಿದ್ದವು. ಬಹಳ ಶಿಸ್ತಿನ ಹಕ್ಕಿಗಳು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದೇ ಅಂತರ. ಇನ್ನೂ ಸರಿಯಾಗಿ ದಿಟ್ಟಿಸಿ, ಅತ್ತೆಯ ತೋಳು ಹಿಡಿದು ಜಗ್ಗಿದೆ.

“ಅತ್ತೆ, ಯಾರೋ ಪಾಪಿಗಳು ಹಕ್ಕಿಗಳನ್ನೆಲ್ಲ ಮುಳ್ಳುತಂತಿ ಹಾಕಿ ಕಟ್ಟಿದ್ದಾರೆ.”

ಅತ್ತೆ ದುರ್ಬೀನನ್ನು ನನ್ನ ಕೈಯಿಂದ ಕಿತ್ತುಕೊಂಡು ನೋಡಿದರು. ಆಮೇಲೆ ಅದನ್ನು ನಿಧಾನವಾಗಿ ಮಡಿಲಿಗಿಳಿಸಿದರು.

“ಮುಳ್ಳುತಂತಿ ಹಕ್ಕೀಗೆ ಕಟ್ಟಲ್ಲ ಕಣೇ. ಕಂಬಕ್ಕೆ ಕಟ್ತಾರೆ.”

ಹೋದ ವರ್ಷ ಕೆರೆಯ ಏರಿಯನ್ನು ಎತ್ತರಿಸಿದ್ದರು. ನೀರು ಮೇಲೇರಿ ಪಶ್ಚಿಮದ ಅಂಚಿನಲ್ಲಿದ್ದ ಹಳೆಯ ಬೇಲಿ ಕುತ್ತಿಗೆಯವರೆಗೆ ಮುಳುಗಿತ್ತು. ಉಳಿದದ್ದು ಕಂಬಗಳ ತಲೆ ಮಾತ್ರ. ನಡುಗುವ ದುರ್ಬೀನಿನಲ್ಲಿ ಆ ತಲೆಗಳೆಲ್ಲ ಅತ್ತೆಯ ಕಣ್ಣಿಗೆ ತೇಲಿವೆ, ಕುಣಿದಿವೆ, ಮುಳುಗಿ ಎದ್ದಿವೆ. ಅತ್ತೆ ಒಂದೊಂದನ್ನೂ ಬಿಡದೆ, ಗೆರೆ ಮುಟ್ಟಿದ್ದನ್ನು ಸೇರಿಸಿ, ಅಂದಿನಿಂದ ಏಳು ತಿಂಗಳು ಬೇಲಿಯನ್ನು ಎಣಿಸಿದ್ದರು.

ನಾನು ನಗಬಾರದೆಂದು ಮಗುವಿನ ಟೋಪಿ ಸರಿಮಾಡಿದೆ. ಅತ್ತೆ ನಗುವ ಸ್ಥಿತಿಯಲ್ಲಿರಲಿಲ್ಲ.

“ತಪ್ಪು ರಿಪೋರ್ಟು,” ಎಂದರು. “ಮೂವತ್ತೊಂದು ವರ್ಷದಲ್ಲಿ ಎರಡೇ ಸಲ ಹೋಗಿತ್ತು. ಎರಡು ಸಲವೂ ಕೈ ಕೂಡ ತೊಳೀದೆ ಫೋನ್ ಮಾಡಿದ್ದೆ. ಮೊದಲು ಫೋನು, ಆಮೇಲೆ ಮಿಕ್ಕಿದ್ದು. ತಗೋ, ಮೇಷ್ಟ್ರಿಗೆ ಮಾಡು.”

ನಾನು ಚೀಲದಿಂದ ಫೋನ್ ತೆಗೆದು ಕೈಯಲ್ಲೇ ಹಿಡಿದುಕೊಂಡೆ. “ಅತ್ತೆ, ಮೇಷ್ಟ್ರೇ ಫೋನ್ ಮಾಡಿದ್ರು. ನಿಮ್ಮ ಲೆಕ್ಕ ಜಾಸ್ತಿ ಬರ್ತಿದೆ, ನಾಳೆಯಿಂದ ಎಣಿಸೋದು ಬೇಡ, ಟೀ ಮೇಜು ನೋಡ್ಕೊಳ್ಲಿ ಅಂದ್ರು. ನಿಮಗೆ ಹೇಳಿ ಅವರಿಗೆ ತಿಳಿಸ್ಬೇಕಿತ್ತು.”

“ಯಾವಾಗ ಮಾಡಿದ್ರು?”

“ಮಂಗಳವಾರ.”

“ಎಷ್ಟು ಗಂಟೆಗೆ?”

“ಹತ್ತೂಕಾಲಿಗೆ.”

“ಇವತ್ತು ಶನಿವಾರ.”

“ಭಯ ಆಯ್ತು ಅತ್ತೆ.”

“ಮೇಷ್ಟ್ರ ಭಯಾನಾ?”

“ನಿಮ್ಮ ಭಯ.”

ಅತ್ತೆ ನನ್ನನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಂತೆ ನೋಡಿದರು. “ಒಂದು ರಿಪೋರ್ಟನ್ನ ನಾಲ್ಕು ದಿನ ಚೀಲದಲ್ಲಿ ಇಟ್ಕೊಂಡು ಓಡಾಡಿದ್ದೀಯ. ನಮ್ಮ ಲ್ಯಾಬಲ್ಲಿ ನೀನು ಮೂರು ದಿನ ನಿಲ್ತಿರಲಿಲ್ಲ.” ತಿರುಗಿ ದುರ್ಬೀನು ಎತ್ತಿಕೊಂಡರು. “ಟೀ ಮೇಜಂತೆ. ಕಂಬ ನಲವತ್ತೇಳಿವೆ, ಈಗಷ್ಟೇ ಎಣಿಸ್ದೆ. ಹೋದ ತಿಂಗಳು ನನ್ನದು ಅರವತ್ತಮೂರು. ನಲವತ್ತೇಳು ಕಳೆದ್ರೆ ಹದಿನಾರು. ಮೇಷ್ಟ್ರದು ಎಷ್ಟಂತೆ?”

“ಇಪ್ಪತ್ತೊಂದು.”

“ಹಾಗಾದ್ರೆ ಅವರು ಆ ಐದನ್ನ ಎಲ್ಲಿಂದ ತಂದ್ರು? ಕೇಳು. ಉತ್ತರ ಕೊಡ್ಬೇಕಾಗಿದ್ದು ನೀನು, ನೀನೇ ಮಾತಾಡು. ಅಷ್ಟರಲ್ಲಿ ನಾನು ನಿಜವಾದ ಹಕ್ಕಿ ಎಣಿಸ್ತೀನಿ.”

ನಾನು ಫೋನ್ ಮಾಡಿದೆ. ಮೂರನೇ ರಿಂಗಿಗೆ ಮೇಷ್ಟ್ರು ಎತ್ತಿಕೊಂಡರು.

“ಹೇಳಿದ್ಯೇನಮ್ಮಾ? ಬೇಜಾರು ಮಾಡ್ಕೊಂಡ್ರಾ?”

“ಮೇಷ್ಟ್ರೇ, ಅವು ಕಂಬ.”

“ಯಾವು?”

ಹೇಳಿದೆ. ಹೊಸ ದುರ್ಬೀನು, ಏರಿ, ನೀರು, ಬೇಲಿ, ನಲವತ್ತೇಳು, ಏಳು ತಿಂಗಳು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಅತ್ತೆಯೇ ಕಂಡುಹಿಡಿದದ್ದು, ಅತ್ತೆಯೇ ತಿಳಿಸು ಎಂದದ್ದು, ಹಳೆಯ ಹಾಳೆಗಳನ್ನೆಲ್ಲ ರದ್ದು ಮಾಡಬೇಕಂತೆ ಎಂದೆ. ಮೇಷ್ಟ್ರು, “ಅಯ್ಯೋ, ಬಿಡಮ್ಮಾ, ವಯಸ್ಸಾದವರು, ಹೀಗೆಲ್ಲ ಆಗುತ್ತೆ,” ಎಂದು ದೊಡ್ಡ ಮನಸ್ಸು ಮಾಡಿದರು.

“ಇನ್ನೊಂದು ಕೇಳ್ಬೇಕಂತೆ ಮೇಷ್ಟ್ರೇ. ಕಂಬ ಕಳೆದ್ರೆ ಹದಿನಾರೇ ಉಳಿಯುತ್ತೆ. ನೀವು ಇಪ್ಪತ್ತೊಂದು ಬರೆದಿದ್ದೀರ. ಮಿಕ್ಕ ಐದು ಎಲ್ಲಿದ್ವು?”

“ಅದಾ, ಪಂಪ್‌ಹೌಸ್ ಪಕ್ಕದಲ್ಲಿ. ಐದೂ ಒಂದೇ ಕಡೆ ವಾಲ್ಕೊಂಡು ಕೂತಿರುತ್ವೆ. ಪಾಪದವು, ಪ್ರತಿ ತಿಂಗಳೂ ಅದೇ ಜಾಗ, ನಾನು ಹೋದ್ರೂ ಹೆದರಲ್ಲ.”

ನಾನು ಹತ್ತಿರದಲ್ಲೇ ಇದ್ದ ಪಂಪ್‌ಹೌಸ್ ಕಡೆ ನೋಡಿದೆ. ಬರಿಗಣ್ಣಿಗೇ ಕಾಣುತ್ತಿದ್ದವು. “ಮೇಷ್ಟ್ರೇ, ಅವಕ್ಕೂ ಮುಳ್ಳುತಂತಿ ಇದೆ.”

ಆ ಕಡೆಯಿಂದ ಹಾಳೆ ಮಗುಚುವ ಸದ್ದು ಕೇಳಿಸಿತು. ಒಂದು ಹಾಳೆ, ಇನ್ನೊಂದು, ಮತ್ತೊಂದು.

“ಟೀ ಮೇಜಿಗೆ ಬೇರೆ ಯಾರನ್ನಾದ್ರೂ ನೋಡ್ತೀನಮ್ಮಾ. ಮೇಡಂ ನಾಳೆ ಆರೂವರೆಗೆ ಅವರ ಜಾಗಕ್ಕೇ ಬರ್ಲಿ. ಆ ದುರ್ಬೀನು ತರೋದು ಮರೀಬಾರ್ದು. ಒಂದು ನಿಮಿಷ ಅವರ ಕೈಗೆ ಫೋನ್ ಕೊಡ್ತೀಯಾ?”

ನಾನು ಫೋನನ್ನು ಅತ್ತೆಯ ಕಿವಿಯ ಹತ್ತಿರ ಹಿಡಿದೆ. ಅವರು ಕಣ್ಣು ಕದಲಿಸಲಿಲ್ಲ.

“ಆಮೇಲೆ ಮಾಡೋಕೆ ಹೇಳು,” ಎಂದರು. “ಎಣಿಸ್ತಾ ಇದ್ದೀನಿ. ಹದಿಮೂರು. ಇದು ಮುಳುಗಿದೆ, ಏಳ್ಲಿ ತಡಿ.”